ದೋಣಿಗೆ ಬಹುವಚನ ಸಿಕ್ಕ ಕಥೆ

ನಾನು ಭಾಷಾಶಾಸ್ತ್ರ ಓದಿದವನಲ್ಲ. ಬರೆಯುತ್ತಿದ್ದ ಕಥೆಯಲ್ಲಿ ದ್ವೀಪದ ಮೀನುಗಾರರಿಗೆ ಒಂದು ಭಾಷೆ ಬೇಕಿತ್ತು, ಅಷ್ಟೆ. ನೋಟ್‌ಬುಕ್ ಹಿಡಿದು ಕೂತು, ಕಿವಿಗೆ ಹಿತವಾದ ಪದಗಳನ್ನು ಸುಮ್ನೆ ಕಟ್ಟುತ್ತಾ ಹೋದೆ. 600 ಪದ ಆದವು.

ಆಮೇಲೆ ಮೊದಲ ವಾಕ್ಯಕ್ಕೆ ಕೈಹಾಕಿದೆ: ‘ನನಗೆ ಹಸಿವಾಗಿದೆ’. ನನ್ನ ಭಾಷೆಯಲ್ಲೂ ಅದು ‘ನನಗೆ’ ಅಂತಲೇ ಶುರುವಾಯಿತು. ಹಸಿವೂ ‘ಆಗಿ’ಯೇ ಬಂತು. ಅಕ್ಕನಿಗೊಂದು ಪದ, ತಂಗಿಗೊಂದು ಪದ ಇಟ್ಟಿದ್ದೆ. ಇಬ್ಬರಿಗೂ ಒಂದೇ ಪದ ಇರಬಹುದು ಅಂತ ಹೊಳೆದೇ ಇರಲಿಲ್ಲ. ಇಂಗ್ಲಿಷ್ ಗೊತ್ತಿದ್ದವನಿಗೆ! ನಾನು ಮಾಡಿದ್ದು ಹೊಸ ಭಾಷೆಯಲ್ಲ, ವೇಷ ಹಾಕಿದ ಕನ್ನಡ.

ಎಲ್ಲ ಹರಿದು ಹಾಕಿ ಧ್ವನಿಗಳಿಂದ ಶುರುಮಾಡಿದೆ. 13 ವ್ಯಂಜನ, 4 ಸ್ವರ. ಮಹಾಪ್ರಾಣ ಇಲ್ಲ, ಒತ್ತಕ್ಷರ ಇಲ್ಲ, ನನಗೆ ತುಂಬಾ ಇಷ್ಟದ ಳ ಕೂಡ ಇಲ್ಲ. ಕ್ರಿಯಾಪದವನ್ನು ಮುಂದೆ ತಂದೆ: ‘ತಿಂದಿತು ಬೆಕ್ಕು ಮೀನು’. ವೆಲ್ಶ್ ಭಾಷೆಯಲ್ಲೂ ಕ್ರಿಯಾಪದ ಮೊದಲೇ ಬರುತ್ತದೆ.

ಆದರೂ ಅದು ಪ್ಲಾಸ್ಟಿಕ್ ಹೂವಿನ ಹಾಗೇ ಕಾಣುತ್ತಿತ್ತು. ಒಂದೇ ಒಂದು ಅಪವಾದ ಇಲ್ಲ. ಯಾರ ಬಾಯಲ್ಲೂ ಸವೆಯದ ಭಾಷೆ.

ದಾರಿ ತೋರಿಸಿದ್ದು ಮತ್ತೆ ಕನ್ನಡವೇ. ನಮ್ಮ ಹಾಲು ಹಳಗನ್ನಡದಲ್ಲಿ ಪಾಲ್, ಹುಲಿ ಪುಲಿ. ನಮ್ಮ ಕಿವಿ ತೆಲುಗಿನಲ್ಲಿ ಚೆವಿ. ಧ್ವನಿಗಳು ಒಂದೊಂದು ಪದದಲ್ಲಿ ಅಲ್ಲ, ಸಾಲುಸಾಲಾಗಿ ಬದಲಾಗುತ್ತವೆ. ಹಾಗಾದರೆ ನನ್ನ ಭಾಷೆಗೂ ಒಬ್ಬ ಅಜ್ಜಿ ಬೇಕಲ್ವಾ? ಇದ್ದ ಭಾಷೆಯನ್ನೇ ಅಜ್ಜಿ ಮಾಡಿ, ಮೂರು ನಿಯಮ ಬರೆದೆ. ಎರಡು ಸ್ವರಗಳ ನಡುವಿನ ಪ ಹೋಗಿ ವ ಆಗಬೇಕು. ಇಕಾರಕ್ಕಿಂತ ಮೊದಲು ಬರುವ ಕ ಹೋಗಿ ಚ ಆಗಬೇಕು. ಕೊನೆಯ ಹ್ರಸ್ವ ಸ್ವರ ಬಿದ್ದುಹೋಗಬೇಕು.

ಅಜ್ಜಿ ಭಾಷೆಯಲ್ಲಿ ದೋಣಿ ‘ಲೂಕ’, ದೋಣಿಗಳು ‘ಲೂಕಿ’. ಮೊದಲ ಸಲ ನಾನು ಕೊನೆಯ ಸ್ವರವನ್ನೇ ಮೊದಲು ಬೀಳಿಸಿಬಿಟ್ಟೆ. ಎರಡೂ ‘ಲೂಕ್’ ಆಗಿ ಕೂತವು. ಇಕಾರ ಹೋದ ಮೇಲೆ ಕ ಯಾಕೆ ಬದಲಾಗುತ್ತದೆ? ಒಂದು ವಾರ ಇದೇ ತಪ್ಪಿನಲ್ಲಿ ಇಡೀ ಪದಪಟ್ಟಿ ಬರೆದಿದ್ದೆ. ನಿಯಮಗಳ ಸರದಿ ತಿರುಗಿಸಿದ ಮೇಲೆ ಲೂಕ ಹೋಗಿ ‘ಲೂಕ್’, ಲೂಕಿ ಹೋಗಿ ‘ಲೂಚ್’. ಬಹುವಚನದ ಪ್ರತ್ಯಯ ಮಾಯವಾಗಿ, ಅದರ ಗುರುತು ಮಾತ್ರ ವ್ಯಂಜನದಲ್ಲಿ ಉಳಿಯಿತು. ಅದನ್ನು ನಾನು ಯೋಚಿಸಿ ಇಟ್ಟಿರಲಿಲ್ಲ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅರ್ಥಗಳಿಗೂ ಇಷ್ಟೇ ಗಮನ ಬೇಕಾಯಿತು. ಈ ಜನರಿಗೆ ಗಂಟೆ ಅನ್ನುವ ಪದವೇ ಇಲ್ಲ. ಸಾಮಾನ್ಯವಾಗಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅವರು ‘ಎರಡು ಉಬ್ಬರ ಕಳೆದು ಬಾ’ ಅನ್ನುತ್ತಾರೆ. ಹಾಗಾಗಿ ಅವರ ‘ನಾಳೆ ಇದೇ ಹೊತ್ತು’ ದಿನದಿನಕ್ಕೂ ಜಾರುತ್ತಾ ಹೋಗುತ್ತದೆ. ಲಿಪಿಯ ಗೋಜಿಗೆ ಹೋಗಲಿಲ್ಲ, ನನ್ನ ಅಕ್ಷರ ಅಷ್ಟು ಕೆಟ್ಟದ್ದು.

ಒಂದು ತೊಡಕು ಉಳಿಯಿತು. ಮೀನು ‘ಸಪ’, ಮೀನುಗಳು ‘ಸಪಿ’. ನಿಯಮ ಹಚ್ಚಿದರೆ ಎರಡೂ ‘ಸವ್’. ಸರಿಪಡಿಸಲು ಪೆನ್ಸಿಲ್ ಎತ್ತಿದವನು ಹಾಗೇ ಬಿಟ್ಟೆ. ಮರುದಿನ ಬರೆದ ಅಧ್ಯಾಯದಲ್ಲಿ ಒಬ್ಬ ವ್ಯಾಪಾರಿ ‘ಸವ್ ಕೊಡುತ್ತೇನೆ’ ಅಂತ ಮಾತು ಕೊಟ್ಟು ದೋಣಿ ಬರೆಸಿಕೊಂಡ. ಆಮೇಲೆ ಒಂದೇ ಒಂದು ಮೀನು ತಂದಿಟ್ಟ.