ಘನದ ಅಂಚಿನಲ್ಲಿ ಹರಿದುಹೋದ ಗ್ಯಾಲಕ್ಸಿ

ಪಿಎಚ್.ಡಿ.ಯ ಮೊದಲ ವರ್ಷದಲ್ಲಿ ನನ್ನ ಪಾಲಿಗೆ ಬಂದ ಕೆಲಸ ಕೇಳುವುದಕ್ಕೆ ಸರಳವಾಗಿತ್ತು: ದೊಡ್ಡ ಗ್ಯಾಲಕ್ಸಿಗಳಲ್ಲಿ ಹೊಸ ನಕ್ಷತ್ರಗಳ ಹುಟ್ಟು ಏಕೆ ನಿಂತುಹೋಗುತ್ತದೆ ಎಂಬ ಪ್ರಶ್ನೆಗೆ ಇಲಸ್ಟ್ರಿಸ್ ಟಿಎನ್‌ಜಿ ಎಂಬ ಸಿಮ್ಯುಲೇಶನ್ (ವಿಶ್ವದ ಬೆಳವಣಿಗೆಯ ಕಂಪ್ಯೂಟರ್ ಮಾದರಿ) ಕೊಡುವ ಉತ್ತರವನ್ನು, ದೂರದರ್ಶಕದಿಂದ ಆಕಾಶವನ್ನು ಸಮೀಕ್ಷಿಸಿದ ಸ್ಲೋನ್ ಸರ್ವೆಯ ವೀಕ್ಷಣೆಗಳೊಂದಿಗೆ ಹೋಲಿಸುವುದು. ನಾನು ಬಳಸಿದ ಅದರ ಆವೃತ್ತಿ ಟಿಎನ್‌ಜಿ100, ಬದಿಯೊಂದಕ್ಕೆ ಸುಮಾರು 36 ಕೋಟಿ ಜ್ಯೋತಿರ್ವರ್ಷ ಉದ್ದವಿರುವ ಘನ. ಅದರೊಳಗಿನ ಡಾರ್ಕ್ ಮ್ಯಾಟರ್, ಅನಿಲ, ನಕ್ಷತ್ರ ಮತ್ತು ಕಪ್ಪುಕುಳಿಗಳ ಬೆಳವಣಿಗೆಯನ್ನು 100 ಹಂತಗಳಲ್ಲಿ ಉಳಿಸಿಡಲಾಗಿದೆ.

ಮೊದಲ ವಾರವೇ ಎರಡಾಗಿ ಹರಿದ ಗ್ಯಾಲಕ್ಸಿಯೊಂದು ಪರದೆಯ ಮೇಲೆ ಕಾಣಿಸಿತು. ಭೀಕರ ಘರ್ಷಣೆಯೆಂದು ಸಂಭ್ರಮದಿಂದ ತೋರಿಸಿದಾಗ ನಮ್ಮ ಗೈಡ್ ಕೇಳಿದ್ದು ಒಂದೇ ಮಾತು: "ಅಂಚು ನೋಡಿದೆಯಾ?" ಈ ಘನದ ಒಂದು ಮುಖದಿಂದ ಹೊರಟದ್ದು ಎದುರು ಮುಖದಿಂದ ಒಳಬರುತ್ತದೆ. ಗ್ಯಾಲಕ್ಸಿ ಸರಿಯಾಗಿಯೇ ಇತ್ತು, ಕೇಂದ್ರದಿಂದ ದೂರವನ್ನು ಅಳೆಯುವಾಗ ಆ ಸುತ್ತನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಮೇಲೆ, ವಿಶ್ವ ಹಿಗ್ಗುವ ದರವನ್ನು ಹೇಳುವ ಹಬಲ್ ಸ್ಥಿರಾಂಕದಿಂದ ಬರುವ 0.6774 ಎಂಬ ಅಂಕಿಯಿಂದ ದ್ರವ್ಯರಾಶಿಗಳನ್ನು ಭಾಗಿಸಲು ಮರೆತು, ಎಲ್ಲ ಗ್ಯಾಲಕ್ಸಿಗಳನ್ನೂ ಮೂರನೆಯ ಒಂದು ಭಾಗದಷ್ಟು ಹಗುರಾಗಿಸಿದ್ದೂ ಉಂಟು.

ನಿಜವಾದ ಪರದಾಟ ಶುರುವಾದದ್ದು ಇವೆಲ್ಲ ಸರಿಯಾದ ಮೇಲೆ. ಸ್ಲೋನ್ ದೂರದರ್ಶಕದ ಮೊದಲ ರೋಹಿತಮಾಪಕದಲ್ಲಿ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಉಪಕರಣ) ಬೆಳಕನ್ನು ಒಯ್ಯುವ ಒಂದೊಂದು ಫೈಬರ್ ಎಳೆ ಆಕಾಶದ 3 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 1,200ನೇ ಒಂದು ಭಾಗ) ಅಗಲವನ್ನಷ್ಟೇ ನೋಡುತ್ತಿತ್ತು. 70 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯಲ್ಲಿ ಅದು ನಡುವಿನ ಸುಮಾರು 10 ಸಾವಿರ ಜ್ಯೋತಿರ್ವರ್ಷ ಮಾತ್ರ. ಹೊರಗಿನ ತೋಳುಗಳಲ್ಲಿ ನಕ್ಷತ್ರಗಳು ಹುಟ್ಟುತ್ತಿದ್ದರೂ ಫೈಬರಿಗೆ ಕಾಣುವುದು ಮುದಿ ನಡುಭಾಗವೇ. ನಾನು ಸಿಮ್ಯುಲೇಶನ್ನಿನ ಇಡೀ ಗ್ಯಾಲಕ್ಸಿಯನ್ನು ಅದರ ಪಕ್ಕದಲ್ಲಿಟ್ಟು, ಟಿಎನ್‌ಜಿ ತಪ್ಪು ಎಂದು ಅರ್ಧ ಅಧ್ಯಾಯವನ್ನೇ ಬರೆದುಬಿಟ್ಟಿದ್ದೆ. ಸಿಮ್ಯುಲೇಶನ್ನಿನಲ್ಲೂ ಅಷ್ಟೇ ವೃತ್ತವನ್ನು ಕತ್ತರಿಸಿ ಎಣಿಸಿದಾಗ ವ್ಯತ್ಯಾಸದ ಬಹುಪಾಲು ಕರಗಿತು. ಇನ್ನುಳಿದದ್ದು ಸೊನ್ನೆಗಳ ಕಾಟ. ಟಿಎನ್‌ಜಿ100ರ ಒಂದು ಅನಿಲಕೋಶವೇ (ಲೆಕ್ಕಕ್ಕಾಗಿ ಅನಿಲವನ್ನು ವಿಂಗಡಿಸಿದ ಒಂದು ತುಂಡು) ಸುಮಾರು 14 ಲಕ್ಷ ಸೂರ್ಯರಷ್ಟು ತೂಗುವುದರಿಂದ, ಅತಿ ನಿಧಾನವಾಗಿ ನಕ್ಷತ್ರ ಹುಟ್ಟಿಸುವ ಗ್ಯಾಲಕ್ಸಿ ಅಲ್ಲಿ ಶುದ್ಧ ಸೊನ್ನೆಯೆಂದು ದಾಖಲಾಗುತ್ತದೆ, ದೂರದರ್ಶಕದ ಪಟ್ಟಿಯಲ್ಲಾದರೋ ಅಂಥದಕ್ಕೂ ಚಿಕ್ಕದೊಂದು ಅಂಕಿ ಇರುತ್ತದೆ. ಸೊನ್ನೆಗಳನ್ನು ಕೈಬಿಡದೆ, ಒಂದು ಮಿತಿಗಿಂತ ಕೆಳಗಿನ ಎಲ್ಲವನ್ನೂ ಎರಡೂ ಕಡೆ ಒಂದೇ ಗುಂಪಿಗೆ ಸೇರಿಸಿದೆ.

ಕೊನೆಗೆ ಉಳಿದ ಚಿತ್ರ ಹೀಗಿತ್ತು: ನಕ್ಷತ್ರಗಳ ದ್ರವ್ಯರಾಶಿ ಸುಮಾರು 3 ಸಾವಿರ ಕೋಟಿ ಸೂರ್ಯರನ್ನು ಮೀರಿದ ಆಸುಪಾಸಿನಲ್ಲಿ, ನಡುವಿನ ಕಪ್ಪುಕುಳಿ 10 ಕೋಟಿ ಸೂರ್ಯರಷ್ಟಾಗುತ್ತಲೇ, ಅದು ಗಾಳಿಯಂತೆ ಅನಿಲವನ್ನು ಹೊರತಳ್ಳತೊಡಗಿ ನಕ್ಷತ್ರಗಳ ಹುಟ್ಟು ಕುಸಿಯುತ್ತದೆ. ವೀಕ್ಷಣೆಗಳಲ್ಲೂ ನಕ್ಷತ್ರ ಹುಟ್ಟಿಸುವ ನೀಲಿ ಗ್ಯಾಲಕ್ಸಿಗಳ ಗುಂಪು ಮುಗಿದು, ಹುಟ್ಟು ನಿಂತ ಕೆಂಪಿನವು ಹೆಚ್ಚುವುದು ಅಲ್ಲಿಯೇ. ಇದಕ್ಕೆ ನಾನು ಹಿಗ್ಗಲಿಲ್ಲ, ಏಕೆಂದರೆ ಕಪ್ಪುಕುಳಿ ಯಾವಾಗ ಗಾಳಿ ಬೀಸಬೇಕೆಂಬ ನಿಯಮವನ್ನು ಹಾಕಿದವರು ಮಾದರಿಯನ್ನು ಕಟ್ಟಿದವರೇ. ಆದ್ದರಿಂದ ಈಗ ಹೋಲಿಸುತ್ತಿರುವುದು ಬಣ್ಣಗಳನ್ನಲ್ಲ, ಹಾಗೆ ಹೊರತಳ್ಳಿದ ಅನಿಲ ಗ್ಯಾಲಕ್ಸಿಯ ಸುತ್ತ ಎಷ್ಟು ಉಳಿದಿದೆ ಎಂಬುದನ್ನು. ಈ ಬಾರಿ ಫೈಬರಿನ ಅಗಲವನ್ನು ಮೊದಲ ದಿನವೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.