ತೋಟದ ಸೆನ್ಸರ್‌ಗೆ ಯಾವ ಬ್ಯಾಟರಿ?

ಅಡಿಕೆ ತೋಟದಲ್ಲಿ ಇಎಸ್‌ಪಿ32 (ವೈಫೈ ಇರೋ ಪುಟ್ಟ ಕಂಪ್ಯೂಟರ್ ಬೋರ್ಡು) ಇಟ್ಟು ಮಣ್ಣಿನ ತೇವ ಅಳೆಯೋರು 9 ವೋಲ್ಟಿನ ಚೌಕ ಬ್ಯಾಟರಿ ತರಬೇಡಿ. ಅದರಲ್ಲಿರೋದು 500 ಎಂಎಎಚ್ (ಬ್ಯಾಟರಿ ಹಿಡಿಯೋ ಚಾರ್ಜಿನ ಅಳತೆ, ಮಿಲಿಆಂಪ್-ಗಂಟೆ) ಆಸುಪಾಸು, ಕರೆಂಟಿಗೆ ಬ್ಯಾಟರಿಯ ಒಳಗೇ ಇರೋ ತಡೆ, ಅಂದ್ರೆ ಒಳರೋಧವೂ ಜಾಸ್ತಿ. ವೈಫೈ ಶುರುವಾದ ಕ್ಷಣ ಬೋರ್ಡು 300 ಮಿಲಿಆಂಪ್‌ಗೂ ಮೇಲೆ ಎಳೆಯುತ್ತೆ, ವೋಲ್ಟೇಜ್ ಕುಸಿದು ರೀಸೆಟ್ ಆಗ್ತಾನೇ ಇರುತ್ತೆ. ನಾವು ಕೋಡ್‌ನಲ್ಲಿ ತಪ್ಪು ಹುಡುಕ್ತಾ ಕೂತಿರ್ತೀವಿ!

ರಕ್ಷಣಾ ಸರ್ಕಿಟ್ ಇರೋ 18650 ಲಿಥಿಯಂ ಸೆಲ್ (18 ಮಿಮೀ ದಪ್ಪ, 65 ಮಿಮೀ ಉದ್ದದ ದುಂಡನೆ ಸೆಲ್) ಒಂದು ಸಾಕು. ಮೇಲೆ 9900 ಎಂಎಎಚ್ ಅಂತ ಬರೆದಿದ್ರೆ ಅದು ಶುದ್ಧ ಸುಳ್ಳು; ಈ ಗಾತ್ರದಲ್ಲಿ ಒಳ್ಳೆ ಸೆಲ್ಲಿಗೂ 3500ರ ಸುತ್ತಮುತ್ತ. ಅನುಮಾನ ಇದ್ರೆ ತೂಗಿ ನೋಡಿ: ಅಸಲಿ ಸೆಲ್ 45 ಗ್ರಾಂ ಹತ್ತಿರ ಬರುತ್ತೆ, ನಕಲಿ ತೀರಾ ಹಗುರ.

ಈಗ ಲೆಕ್ಕ. 15 ನಿಮಿಷಕ್ಕೊಮ್ಮೆ 10 ಸೆಕೆಂಡ್ ಎಚ್ಚರ, ಸರಾಸರಿ 120 ಮಿಲಿಆಂಪ್ ಅಂದ್ರೆ ದಿನಕ್ಕೆ 32 ಎಂಎಎಚ್. ಬಳಕೆಗೆ 2000 ಸಿಕ್ಕರೆ ಎರಡು ತಿಂಗಳು. ಆದರೆ ಬೋರ್ಡಿನ ಕೆಂಪು ಎಲ್‌ಇಡಿ, ಹಳೇ ರೆಗ್ಯುಲೇಟರ್ (ವೋಲ್ಟೇಜನ್ನು ಬೋರ್ಡಿಗೆ ಬೇಕಾದಷ್ಟಕ್ಕೆ ಇಳಿಸೋ ಭಾಗ) ಸೇರಿ ನಿದ್ದೆಯಲ್ಲೂ 10 ಮಿಲಿಆಂಪ್ ತಿಂದ್ರೆ ದಿನಕ್ಕೆ ಇನ್ನೂ 240 ಹೋಯ್ತು, ಒಂದೇ ವಾರಕ್ಕೆ ಖಾಲಿ. ಎಲ್‌ಇಡಿ ಕಿತ್ತು ಹಾಕಿ. ರೆಗ್ಯುಲೇಟರ್ ಎಎಂಎಸ್1117 ಆಗಿದ್ರೆ ಅದರ ಬದಲು ಎಚ್‌ಟಿ7833 ಹಾಕಿ. ಮೊದಲನೆಯದಕ್ಕೆ ಒಳಗೆ ಬರೋ, ಹೊರಗೆ ಹೋಗೋ ವೋಲ್ಟೇಜ್ ನಡುವೆ 1 ವೋಲ್ಟಿಗೂ ಹೆಚ್ಚು ಅಂತರ ಬೇಕು, 3.7 ವೋಲ್ಟಿನ ಸೆಲ್‌ನಿಂದ ಬೋರ್ಡಿಗೆ ಬೇಕಾದ 3.3 ಬರಲ್ಲ.

ಆಗುಂಬೆ, ಹೊಸನಗರ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಸೋಲಾರ್ ನಂಬಬೇಡಿ, ಸಾಲದ್ದಕ್ಕೆ ಮರದ ನೆರಳು. ಬಿಡಿ ಸೆಲ್ ಚಾರ್ಜ್ ಮಾಡಿಟ್ಟುಕೊಂಡು ಬದಲಿಸಿ. ಡಬ್ಬಿಯ ವೈರ್ ತೂತು ಕೆಳಮುಖವಾಗಿರಲಿ, ಇಲ್ಲದಿದ್ರೆ ವೈರ್ ಹಿಡಿದು ನೀರು ಇಳಿದು ಹೋಲ್ಡರ್‌ನ ಸ್ಪ್ರಿಂಗ್ ಹಸಿರು ಕಿಲುಬು ಹಿಡಿಯುತ್ತೆ.