ಡ್ರೈವ್ ಆನ್ ಮಾಡಿದರೆ ಕುಣಿಯುತ್ತಿದ್ದ ತೂಕ

ಗಂಗಾವತಿ ಕಡೆಯ ಒಂದು ರೈಸ್ ಮಿಲ್, 25 ಕೆ.ಜಿ. ಬ್ಯಾಗಿಂಗ್ ಮೆಷಿನ್. ಎಲಿವೇಟರ್ ಮೋಟಾರಿನ ವೇಗ ನಿಯಂತ್ರಿಸುವ 7.5 ಕಿಲೋವ್ಯಾಟ್ ಡ್ರೈವ್ ಓಡಿದರೆ ತೂಕ 40–50 ಗ್ರಾಂ ಅತ್ತಿತ್ತ ಕುಣಿಯುತ್ತಿತ್ತು, ನಿಲ್ಲಿಸಿದರೆ ಗಪ್‌ಚಿಪ್. ತೂಕವನ್ನು ವೋಲ್ಟೇಜಾಗಿ ಮಾಡುವ ಲೋಡ್ ಸೆಲ್ ಪೂರ್ತಿ ಭಾರಕ್ಕೆ ಕೊಡುವುದೇ 20 ಮಿಲಿವೋಲ್ಟ್, ಡ್ರೈವಿನ ನಾಯ್ಸ್ (ವಿದ್ಯುತ್ ಗಲಾಟೆ) ಸ್ವಲ್ಪ ಬೆರೆತರೂ ತೂಕ ಕುಣಿಯುತ್ತದೆ.

ಎಲ್ಲರೂ ಹೇಳಿದ್ದು ಒಂದೇ: ತೂಕ ತೋರಿಸುವ ಇಂಡಿಕೇಟರಿಗೆ ಬೇರೆ ಅರ್ಥ್ ಪಿಟ್ (ಅರ್ಥಿಂಗ್ ಗುಂಡಿ) ಹೊಡೆಸಿ. ಹೊಡೆಸಿದ್ದಾಯಿತು. ಕೆಮಿಕಲ್, ತಾಮ್ರದ ವೈರ್, ಕೂಲಿ ಎಲ್ಲ ಸೇರಿ ಹದಿನೆಂಟು ಸಾವಿರದ ಆಸುಪಾಸು. ಪಿಟ್ 2 ಓಮ್ ತೋರಿಸಿತು, ಕುಣಿತ ಮಾತ್ರ ಜಾಸ್ತಿಯಾಯಿತು. ಹಳೇ ಅರ್ಥಿಗೂ ಹೊಸದಕ್ಕೂ ಮೀಟರ್ ಇಟ್ಟರೆ 3–4 ವೋಲ್ಟ್ ಎಸಿ. ಸೆಲ್ ಮೆಷಿನ್ ಫ್ರೇಮಿಗೆ, ಅಂದರೆ ಹಳೇ ಅರ್ಥಿಗೆ; ಇಂಡಿಕೇಟರ್ ಹೊಸ ಪಿಟ್ಟಿಗೆ. ನಡುವಿನ ಕೇಬಲ್ಲಿನ ಶೀಲ್ಡಿನಲ್ಲೇ (ವೈರುಗಳ ಸುತ್ತಲಿನ ಲೋಹದ ಹೊದಿಕೆ) ಕರೆಂಟ್ ಹರಿಯುತ್ತಿತ್ತು. ಡ್ರೈವಿನ ನಾಯ್ಸ್ ಅಂತೂ ಮೆಗಾಹರ್ಟ್ಸ್ ಲೆಕ್ಕದ್ದು. 1 ಮೆಗಾಹರ್ಟ್ಸಿಗೆ 40 ಮೀಟರ್ ಅರ್ಥ್ ವೈರ್ ತಾನೇ 250 ಓಮ್ ದಾಟುತ್ತದೆ. ಪಿಟ್ ಎಷ್ಟು ಒಳ್ಳೆಯದಿದ್ದರೇನು!

25×6 ಮಿ.ಮೀ. ಜಿಐ (ಸತು ಲೇಪಿತ ಕಬ್ಬಿಣದ) ಪಟ್ಟಿಯಿಂದ ಎರಡೂ ಪಿಟ್ ಜೋಡಿಸಿದೆ. ಮಿಲ್ಲಿನ ಎಲೆಕ್ಟ್ರಿಷಿಯನ್ ಬೇಡವೆಂದು ತಲೆ ಅಲ್ಲಾಡಿಸಿದ. ಅರ್ಥ್ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿದರೆ 2 ಆಂಪಿಯರ್! ಒಂದು ಸಬ್ ಪ್ಯಾನೆಲ್‌ನಲ್ಲಿ ಯಾರೋ ನ್ಯೂಟ್ರಲ್-ಅರ್ಥ್ ಲಿಂಕ್ ಕೊಟ್ಟಿದ್ದರು, ನ್ಯೂಟ್ರಲ್ ಕರೆಂಟ್ ಅರ್ಥಿಗೂ ಹರಿಯುತ್ತಿತ್ತು. ಕಿತ್ತ ಮೇಲೆ ಕುಣಿತ 30 ಗ್ರಾಮಿಗೆ ಇಳಿಯಿತು.

ಉಳಿದ ಕೆಲಸವೆಲ್ಲ ಮೋಟಾರ್ ಕೇಬಲ್ಲಿನದು. ಹಳೇ ಕೇಬಲ್ಲಿನ ಆರ್ಮರಿನಿಂದ (ಹೊರಗಿನ ಲೋಹದ ಕವಚ) ಒಂದು ಗೇಣು ವೈರ್ ಎಳೆದು ಲಗ್ ಹಾಕಿ ಅರ್ಥಿಗೆ ಕೊಟ್ಟಿದ್ದರು. ಆ ಗೇಣೇ ಆಂಟೆನಾ. 4 ಕೋರ್ 4 ಚದರ ಮಿ.ಮೀ. ಶೀಲ್ಡೆಡ್ ಕೇಬಲ್ 18 ಮೀಟರ್ ತಂದೆ, ಆರೇಳು ಸಾವಿರ. ಡ್ರೈವ್ ಕಡೆ ಬ್ಯಾಕ್ ಪ್ಲೇಟಿನ ಪೇಂಟ್ ಕೆರೆದು, ಶೀಲ್ಡ್ ಸುತ್ತಲೂ ತಾಗುವಂತೆ ಕ್ಲ್ಯಾಂಪ್. ಮೋಟಾರ್ ಕಡೆ ಕೇಬಲ್ ಒಳಹೋಗುವಲ್ಲಿ ಶೀಲ್ಡ್ ಹಿಡಿಯುವ ಹಿತ್ತಾಳೆ ಗ್ಲ್ಯಾಂಡ್. ಲೋಡ್ ಸೆಲ್ ಶೀಲ್ಡ್ ಮಾತ್ರ ಇಂಡಿಕೇಟರ್ ಕಡೆಯಷ್ಟೇ, ಇನ್ನೊಂದು ತುದಿಗೆ ಟೇಪ್. ಮೋಟಾರ್ ಕೇಬಲ್, ಲೋಡ್ ಸೆಲ್ ಕೇಬಲ್ ಇವುಗಳ ಟ್ರೇಗಳ ನಡುವೆ ಒಂದಡಿ ಅಂತರ, ದಾಟಲೇಬೇಕಾದಲ್ಲಿ ಅಡ್ಡಡ್ಡ.

ಈಗ ಕುಣಿತ 5 ಗ್ರಾಂ, ಅಂದರೆ ಇಂಡಿಕೇಟರ್ ತೋರಿಸುವ ಅತಿ ಸಣ್ಣ ಹೆಜ್ಜೆ, ಒಂದೇ ಡಿವಿಜನ್. 

ಕುತೂಹಲಕ್ಕೆ ಹಳೇ ಕೇಬಲ್ ಇರುವಾಗಲೇ ಡ್ರೈವಿನ ಕ್ಯಾರಿಯರ್ (ಒಳಗೆ ಆನ್-ಆಫ್ ಆಗುವ ವೇಗ) 8ರಿಂದ 4 ಕಿಲೋಹರ್ಟ್ಸಿಗೆ ಇಳಿಸಿ ನೋಡಿದ್ದೆ. ಕುಣಿತ ಮೂರನೇ ಒಂದು ಭಾಗ ಕಮ್ಮಿಯಾಯಿತು, ಮೋಟಾರ್ ಕಿರುಗುಟ್ಟಿತು. ನಾಯ್ಸ್ ತಡೆಯುವ ಫೆರೈಟ್ ರಿಂಗಿನಲ್ಲಿ ಮೂರೂ ಫೇಸ್ ಒಟ್ಟಿಗೆ ಸುತ್ತಿದಾಗ ಸ್ವಲ್ಪ ಉಪಯೋಗವಾಯಿತು. ಅರ್ಥ್ ವೈರನ್ನೂ ಸೇರಿಸಿ ಸುತ್ತಿದರೆ ದಂಡ. ಮಿಲ್ಲಿನ ನಡುಕಕ್ಕೆ ಗ್ಲ್ಯಾಂಡ್ ಸಡಿಲಾಗುತ್ತದೆ, ಆರು ತಿಂಗಳಿಗೊಮ್ಮೆ ಸ್ಪ್ಯಾನರ್ ಹಾಕಬೇಕು.